ಶೇಕಡಾ 96ರಿಂದ ಸಮಾಧಾನಪಡುವ ಮೊದಲು

ನಮ್ಮ ದೇಶದ ಶಾಲಾ ಮಕ್ಕಳಲ್ಲಿ ಶೇಕಡಾ 96 ಮಂದಿಗೆ ಶಾಲೆಗೆ ಬರುವುದೆಂದರೆ ಇಷ್ಟ. ಶೇಕಡಾ 94 ಮಂದಿಗೆ ಶಾಲೆಯೊಳಗೆ ತಾವು ಸುರಕ್ಷಿತ ಎನ್ನಿಸುತ್ತದೆ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಮಕ್ಕಳೇ ಕೊಟ್ಟ ಉತ್ತರವಿದು. 720 ಜಿಲ್ಲೆಗಳ ಸುಮಾರು 1.18 ಲಕ್ಷ ಶಾಲೆಗಳಿಂದ 3, 5, 8 ಮತ್ತು 10ನೇ ತರಗತಿಯ 34 ಲಕ್ಷ ಮಕ್ಕಳು ಅದರಲ್ಲಿ ಪಾಲ್ಗೊಂಡಿದ್ದರು. ಇಷ್ಟು ದೊಡ್ಡ ಸಮೀಕ್ಷೆಯಲ್ಲಿ ಇಷ್ಟು ಒಳ್ಳೆಯ ಅಂಕಿ ಬಂದರೆ ಪೋಷಕರಿಗೂ ಅಧಿಕಾರಿಗಳಿಗೂ ನೆಮ್ಮದಿಯಾಗುವುದು ಸಹಜ.

ಆ ನೆಮ್ಮದಿಯ ಬಗ್ಗೆಯೇ ನನ್ನ ತಕರಾರು. ಮಕ್ಕಳ ಸಂತೃಪ್ತಿಯ ಪ್ರಮಾಣ ಹೆಚ್ಚಿದಷ್ಟೂ ಶಾಲೆ ಚೆನ್ನಾಗಿದೆ, ದೂರುಗಳು ಹೆಚ್ಚಿದಷ್ಟೂ ಶಾಲೆ ಕೆಟ್ಟಿದೆ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಎಷ್ಟೋ ಸಲ ತಿರುಗುಮುರುಗಾಗಿರುತ್ತದೆ ಎಂದು ನನಗನ್ನಿಸುತ್ತದೆ. ಹೇಳಿದರೆ ಏನಾದರೂ ಆದೀತು ಎಂಬ ಭರವಸೆ ಇರುವ ಮಗು ಮಾತ್ರ ದೂರು ಹೇಳುತ್ತದೆ. ಆ ಭರವಸೆ ಇಲ್ಲದ ಕಡೆ ಎಲ್ಲ ಉತ್ತರವೂ ‘ಚೆನ್ನಾಗಿದೆ’ ಎಂದೇ ಬರುತ್ತದೆ.

ಮೊದಲು ಆ 96ನ್ನೇ ನೋಡೋಣ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಸಮೀಕ್ಷೆ ನಡೆದಾಗ ನಮ್ಮ ಮೂರನೇ ಮತ್ತು ಐದನೇ ತರಗತಿಯ ಮಕ್ಕಳು ತರಗತಿಗೆ ಮರಳಿ ಮೂರು ವಾರವೂ ಆಗಿರಲಿಲ್ಲ. ಹತ್ತೊಂಬತ್ತು ತಿಂಗಳು ನಮ್ಮ ಬೆಂಗಳೂರಿನ ಹಲಸೂರಿನಲ್ಲಿ ಒಂದೇ ಕೋಣೆಯ ಮನೆಯೊಳಗೆ, ಅಪ್ಪನ ಮೊಬೈಲ್ ಬರುವವರೆಗೆ ಕಾದು ಕೂತಿದ್ದ ಮಗುವಿಗೆ ಶಾಲೆ ಇಷ್ಟವಾಗದೆ ಇದ್ದೀತೆ? ಅದೇ ಸಮೀಕ್ಷೆಯಲ್ಲಿ ಶೇಕಡಾ 24 ಮಕ್ಕಳು ಮನೆಯಲ್ಲಿ ಯಾವ ಡಿಜಿಟಲ್ ಸಾಧನವೂ ಇಲ್ಲ ಎಂದಿದ್ದರು, ಶೇಕಡಾ 38 ಮಕ್ಕಳು ಮನೆಯಲ್ಲಿ ಕಲಿಯುವುದು ಕಷ್ಟವಾಯಿತು ಎಂದಿದ್ದರು. ಇವುಗಳ ಪಕ್ಕದಲ್ಲಿಟ್ಟು ಓದಿದರೆ ಆ 96 ಶಾಲೆಗೆ ಸಿಕ್ಕ ಪ್ರಶಂಸಾಪತ್ರದಂತೆ ಕಾಣುವುದಿಲ್ಲ. ಮನೆಯಲ್ಲಿ ಅನುಭವಿಸಿದ ಒಂಟಿತನದ ಲೆಕ್ಕ ಅದರಲ್ಲಿ ಸೇರಿದೆ.

ಮಕ್ಕಳು ಸುಳ್ಳು ಹೇಳಿದರು ಎನ್ನುವುದು ನನ್ನ ವಾದವಲ್ಲ. ಪ್ರಶ್ನೆ ಕೇಳಿದ ಜಾಗ ಶಾಲೆ, ಕೇಳಿದವರು ದೊಡ್ಡವರು. ಹೊರಗಿನವರು ಬಂದಾಗ ಶಾಲೆಯ ಮರ್ಯಾದೆ ಕಾಪಾಡಬೇಕೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಅವರು ಕಲಿತದ್ದನ್ನು ಪಾಲಿಸಿದ್ದಾರೆ.

ಕೆ.ಆರ್. ಪುರದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಜೊತೆ ಮಾತಾಡಿದಾಗ ಇದು ನನಗೆ ಸ್ಪಷ್ಟವಾಯಿತು. ತಂದೆ ತಾಯಿ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ‘ಶಾಲೆ ಇಷ್ಟಾನಾ?’ ಎಂದೆ. ‘ಹೂಂ ರೀ, ಇಷ್ಟ’ ಎಂದಳು. ‘ಮಿಸ್ ಚೆನ್ನಾಗಿ ಪಾಠ ಮಾಡ್ತಾರಾ?’ ಎಂದೆ. ‘ಹೂಂ ರೀ, ಛಲೋ ಮಾಡ್ತಾರ’ ಎಂದಳು. ಸಮೀಕ್ಷೆಯ ನಮೂನೆಯಾಗಿದ್ದರೆ ಎರಡು ಗುರುತು ಬಿದ್ದು ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ, ‘ಈ ವಾರ ಯಾವ ಪಾಠ ತಿಳೀಲಿಲ್ಲ? ಯಾರನ್ನ ಕೇಳಿದೆ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಬೀಜಗಣಿತ ತಿಳೀಲಿಲ್ಲ ರೀ. ಯಾರನ್ನೂ ಕೇಳಿಲ್ಲ. ನಾ ಮಾತಾಡಿದ್ರ ನಮ್ಮ ಭಾಷಾ ಕೇಳಿ ಹಿಂದಿನ ಬೆಂಚಿನವರು ನಗ್ತಾರ. ಮೊದಲ ಬಾಜೂ ಮನಿ ಅಕ್ಕನ ಹತ್ರ ಟ್ಯೂಷನ್‌ಗೆ ಹೋಗ್ತಿದ್ದೆ. ರೊಕ್ಕ ಕೊಡೋದು ತಡ ಆತು, ಮನ್ಯಾಗ ಬಿಡಿಸಿದ್ರು.’

ಶಾಲೆ ಇಷ್ಟ ಎಂದದ್ದು ನಿಜ. ಆಮೇಲೆ ಹೇಳಿದ್ದೂ ನಿಜ. ಮೊದಲನೆಯದು ಅಂಕಿಯಾಗಿ ದೆಹಲಿಯವರೆಗೆ ಹೋಗುತ್ತದೆ. ಎರಡನೆಯದು ಅವಳ ತರಗತಿಯ ಶಿಕ್ಷಕಿಗೂ ತಲುಪುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ಕನ್ನಡದ ಹುಡುಗಿ ತನ್ನ ಕನ್ನಡ ಬೇರೆ ಥರ ಇದೆ ಎಂಬ ಕಾರಣಕ್ಕೆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾಳೆ. ಇದನ್ನು ಹಿಡಿಯುವ ಕಾಲಂ ಯಾವ ನಮೂನೆಯಲ್ಲಿದೆ?

ಟ್ಯೂಷನ್ ಮಾತು ಬಂದದ್ದರಿಂದ ಇನ್ನೊಂದು ಸಮೀಕ್ಷೆಯನ್ನು ನೆನೆಯಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಶಿಕ್ಷಣದ ಖರ್ಚಿನ ಬಗ್ಗೆ 52,085 ಮನೆಗಳಲ್ಲಿ ವಿಚಾರಿಸಿದರು. ನಗರಗಳಲ್ಲಿ ಶೇಕಡಾ 30.7 ವಿದ್ಯಾರ್ಥಿಗಳು ಖಾಸಗಿ ಕೋಚಿಂಗ್ ಪಡೆಯುತ್ತಿದ್ದರು. ಅಲ್ಲಿ ಯಾರೂ ‘ನಿಮಗೆ ಶಾಲೆ ಇಷ್ಟವೇ’ ಎಂದು ಕೇಳಲಿಲ್ಲ, ಜೇಬಿನಿಂದ ಹೋದ ದುಡ್ಡಿನ ಲೆಕ್ಕ ಕೇಳಿದರು. ಆ ಲೆಕ್ಕ ಶಾಲೆಯಲ್ಲಿ ಸಿಗದ ನೆರವಿನ ಬಗ್ಗೆ ಹೆಚ್ಚು ಹೇಳಿತು. ಶಾಲೆಗೆ ಹೋಗುತ್ತಿದ್ದೂ ಪಾಠ ತಿಳಿಸಿಕೊಡುವವರನ್ನು ದುಡ್ಡು ಕೊಟ್ಟು ಹೊರಗೆ ಹುಡುಕಬೇಕಾದ ಸ್ಥಿತಿ ನಗರದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರದು. ದುಡ್ಡು ಕೊಡಲಾಗದವರು ಆ ಮೂವತ್ತರಲ್ಲೂ ಇಲ್ಲ.

ಹೆಸರು ಬರೆಯುವ ಕಟ್ಟುಪಾಡಿಲ್ಲದೆ ಕೇಳಿದಾಗ ಮಕ್ಕಳು ಎಷ್ಟು ಬಿಚ್ಚಿ ಮಾತಾಡುತ್ತಾರೆ ಎನ್ನುವುದಕ್ಕೂ ಸಾಕ್ಷಿಯಿದೆ. 2022ರ ಜನವರಿಯಿಂದ ಮಾರ್ಚ್‌ವರೆಗೆ ಎನ್‌ಸಿಇಆರ್‌ಟಿ 6ರಿಂದ 12ನೇ ತರಗತಿಯ 3,79,842 ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿತು. ಹೆಸರು ಹೇಳುವುದು ಬಿಡುವುದು ಮಕ್ಕಳಿಗೆ ಬಿಟ್ಟದ್ದಾಗಿತ್ತು. ಅಲ್ಲಿ ಶಾಲಾ ಜೀವನ ತೃಪ್ತಿ ತಂದಿದೆ ಎಂದವರು ಶೇಕಡಾ 73. ಪ್ರಶ್ನೆ ಕೇಳಲು ಹಿಂಜರಿಯುತ್ತೇವೆ ಎಂದವರು ಶೇಕಡಾ 28. ಎರಡು ಸಮೀಕ್ಷೆಗಳ ಪ್ರಶ್ನೆಗಳು ಬೇರೆ, ವಯಸ್ಸು ಬೇರೆ, ಆದ್ದರಿಂದ 96ಕ್ಕೂ 73ಕ್ಕೂ ನೇರ ಹೋಲಿಕೆ ಸಲ್ಲದು. ಆದರೆ ಒಬ್ಬ ಶಿಕ್ಷಕಿಗೆ ಇವುಗಳಲ್ಲಿ ಯಾವ ಅಂಕಿಯಿಂದ ಕೆಲಸ ಸಿಗುತ್ತದೆ ಎಂದು ಕೇಳಿ ನೋಡಿ. 28 ಎಂಬ ಅಂಕಿ ನಾಳೆ ಬೆಳಗ್ಗೆ ತರಗತಿಯಲ್ಲಿ ಏನು ಬದಲಿಸಬೇಕೆಂದು ತಿಳಿಸುತ್ತದೆ. 96 ಏನನ್ನೂ ತಿಳಿಸುವುದಿಲ್ಲ.

ಕಾಲೇಜಿಗೆ ಬಂದರೆ ಸಮಸ್ಯೆ ಇನ್ನೂ ಜಟಿಲ. ಕಾಲೇಜುಗಳ ಗುಣಮಟ್ಟ ಅಳೆಯುವ, ನಮ್ಮ ನಗರದಲ್ಲೇ ನೆಲೆ ಹೊಂದಿರುವ ನ್ಯಾಕ್ ಸಂಸ್ಥೆ 2017ರಿಂದ ತನ್ನ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿದೆ. ಉದ್ದೇಶ ಮೆಚ್ಚುವಂಥದ್ದು, ಪ್ರಶ್ನೆಗಳೂ ಹಗುರವಾದುವಲ್ಲ. ಪಠ್ಯಕ್ರಮದಲ್ಲಿ ಎಷ್ಟು ಭಾಗ ತರಗತಿಯಲ್ಲಿ ಮುಗಿಯಿತು, ಅಧ್ಯಾಪಕರು ಎಷ್ಟು ತಯಾರಾಗಿ ಬರುತ್ತಾರೆ, ಆಂತರಿಕ ಮೌಲ್ಯಮಾಪನ ನ್ಯಾಯವಾಗಿದೆಯೇ ಎಂದೆಲ್ಲ ಕೇಳುತ್ತಾರೆ. ಕೊನೆಯಲ್ಲಿ ಸುಧಾರಣೆಗೆ ಮೂರು ಸಲಹೆ ಬರೆಯಲು ಜಾಗವೂ ಇದೆ. ತೊಡಕಿರುವುದು ಉತ್ತರಿಸುವವನ ಹಿತದಲ್ಲಿ. ಕಾಲೇಜಿನ ಗ್ರೇಡ್ ಇಳಿದರೆ ತನ್ನ ಪದವಿಯ ಬೆಲೆಯೂ ಇಳಿಯುತ್ತದೆ ಎಂದು ವಿದ್ಯಾರ್ಥಿಗೆ ಗೊತ್ತು. ಹಾಗಿರುವಾಗ ಅವನು ಕಡಿಮೆ ಅಂಕ ಏಕೆ ಹಾಕುತ್ತಾನೆ? ಇದು ನಮ್ಮಲ್ಲಷ್ಟೇ ಇರುವ ತೊಡಕೂ ಅಲ್ಲ. ಬ್ರಿಟನ್ನಿನಲ್ಲಿ 2005ರಿಂದ ಅಂತಿಮ ವರ್ಷದ ವಿದ್ಯಾರ್ಥಿಗಳ ಸಮೀಕ್ಷೆ ನಡೆಯುತ್ತಿದೆ. 2008ರಲ್ಲಿ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ, ನಾವು ಪಟ್ಟಿಯ ತಳದಲ್ಲಿದ್ದರೆ ನಿಮಗೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಅಧ್ಯಾಪಕರೇ ವಿದ್ಯಾರ್ಥಿಗಳಿಗೆ ಹೇಳಿದ್ದು ಧ್ವನಿಮುದ್ರಣವಾಗಿ ಬಯಲಾಯಿತು. ಅಂಕಿಗೆ ಬಹುಮಾನ ಅಥವಾ ಶಿಕ್ಷೆ ಅಂಟಿಕೊಂಡ ಕೂಡಲೇ ಉತ್ತರ ತನ್ನ ಪ್ರಾಮಾಣಿಕತೆಯನ್ನು ಕಳೆದುಕೊಳ್ಳುತ್ತದೆ.

ಇನ್ನು ಯಾರನ್ನು ಕೇಳುವುದೇ ಇಲ್ಲ ಎಂಬ ಪ್ರಶ್ನೆ. ಸಾಧನಾ ಸಮೀಕ್ಷೆ ಶಾಲೆಯೊಳಗೆ ನಡೆಯುತ್ತದೆ, ಆ ದಿನ ಬಂದ ಮಕ್ಕಳಷ್ಟೇ ಅದಕ್ಕೆ ಸಿಗುತ್ತಾರೆ. 2024ರ ಡಿಸೆಂಬರ್ 4ರಂದು 74,229 ಶಾಲೆಗಳಲ್ಲಿ ನಡೆದ ‘ಪರಖ್’ ರಾಷ್ಟ್ರೀಯ ಸರ್ವೇಕ್ಷಣೆಯೂ ಶಾಲೆಯೊಳಗಿನದೇ. ಶಾಲೆ ಬಿಟ್ಟವರನ್ನೂ ಹಿಡಿಯುವಂತೆ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವುದು ‘ಪ್ರಥಮ್’ ಸಂಸ್ಥೆಯ ‘ಅಸರ್’. 2005ರಿಂದ ಅದು ಮಾಡುತ್ತಿರುವ ಕೆಲಸ ದೊಡ್ಡದು. ಆದರೆ ‘ಅಸರ್’ ಹೋಗುವುದು ಹಳ್ಳಿಗಳಿಗೆ. ಹೀಗಾಗಿ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಬೆಳಗ್ಗೆಯಿಂದ ಸ್ಪಾನರ್ ಹಿಡಿದು ಕೂತ ಹುಡುಗ ಎರಡರಲ್ಲೂ ಇಲ್ಲ. ಶಾಲೆಯ ಸಮೀಕ್ಷೆ ಬಂದಾಗ ಅವನು ಶಾಲೆಯಲ್ಲಿರುವುದಿಲ್ಲ, ಮನೆಯ ಸಮೀಕ್ಷೆ ಅವನ ಊರಿಗೆ ಬರುವುದಿಲ್ಲ. ಕಟ್ಟಡ ಕೆಲಸ ಮುಗಿದಂತೆ ಕೆ.ಆರ್. ಪುರದಿಂದ ಮುಂದಿನ ಸೈಟಿಗೆ ಹೊರಡುವ ಕುಟುಂಬದ ಮಗುವೂ ಹೀಗೆಯೇ ತಪ್ಪಿಹೋಗುತ್ತದೆ. ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವರನ್ನು ಬಿಟ್ಟು ತೆಗೆದ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಭಾಷೆಯ ಮಾತೂ ಇದೆ. 1873ರಲ್ಲಿ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ದಂಡು ಪ್ರದೇಶದಲ್ಲಿ ಶಾಲೆ ತೆರೆದ ಕಾಲದಿಂದಲೂ ಇಲ್ಲಿನ ಮಕ್ಕಳು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು ಭಾಷೆಯಾಡುತ್ತ ಬೆಳೆದವರು. ಹಲಸೂರಿನ ತಮಿಳು ಮನೆಯ ಮಗುವೂ ಶಿವಾಜಿನಗರದ ಉರ್ದು ಮನೆಯ ಮಗುವೂ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಪ್ರಶ್ನೆಗೆ ಗುರುತು ಹಾಕಬಹುದು, ಆದರೆ ತನ್ನ ಸಂಕಟವನ್ನು ಮನೆಮಾತಿನಲ್ಲೇ ಹೇಳೀತು. ಅದನ್ನು ಕೇಳಿಸಿಕೊಳ್ಳಲು ಆ ಮಾತು ಬಲ್ಲ ಒಬ್ಬರು ಪಕ್ಕದಲ್ಲಿರಬೇಕು.

ಹಾಗಾದರೆ ಸಮೀಕ್ಷೆಗಳೇ ಬೇಡವೇ ಎಂದು ಓದುಗರು ಕೇಳಬಹುದು. ಬೇಕು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿ, ಶೇಕಡಾ 92 ಮಕ್ಕಳು ಭಾಷೆಯಲ್ಲಿ, ಶೇಕಡಾ 82 ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದಾರೆ ಎಂದಿತು. ಯಾವ ತರಗತಿಯ ಮಗುವಿಗೆ ಏನು ಮರೆತಿದೆ ಎಂಬ ಖಚಿತ ಮಾತು ಅಲ್ಲಿತ್ತು. ಮುಂದೆ 2022-23ನ್ನು ನಮ್ಮ ರಾಜ್ಯ ‘ಕಲಿಕಾ ಚೇತರಿಕೆ’ಯ ವರ್ಷವೆಂದು ನಡೆಸಿತು. ಕೊರತೆಯನ್ನು ಹೆಸರಿಸಿದ ಸಮೀಕ್ಷೆಯಿಂದ ತರಗತಿಗೆ ಕೆಲಸ ಹುಟ್ಟುತ್ತದೆ.

ಆದರೆ ಪ್ರತಿ ಸಮೀಕ್ಷೆಗೂ ಒಂದು ಬೆಲೆಯಿದೆ, ಅದನ್ನು ತೆರುವವರು ಯಾರೆಂದು ನೋಡಬೇಕು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಬಹುಪಾಲು ಶಿಕ್ಷಕರೇ ಗಣತಿದಾರರಾಗಿದ್ದರು. ಕೆಲಸ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆ ಸಮೀಕ್ಷೆಯ ಅಗತ್ಯವನ್ನು ನಾನು ಒಪ್ಪುತ್ತೇನೆ. ಆದರೂ ಪಾಠದ ದಿನ ಕಳೆದುಕೊಂಡವರು ಸರ್ಕಾರಿ ಶಾಲೆಯ ಮಕ್ಕಳು. ಇಂದಿರಾನಗರದ ಖಾಸಗಿ ಶಾಲೆಗೆ ಆ ವಿಸ್ತರಣೆ ಇರಲಿಲ್ಲ. ಶಿಕ್ಷಕಿಯ ಸಮಯವೇ ಬಡ ಮಗುವಿಗೆ ಸಿಗುವ ದೊಡ್ಡ ನೆರವು. ಅದನ್ನು ಎರವಲು ಪಡೆದು ಮಾಡುವ ಯಾವ ಸಮೀಕ್ಷೆಯೂ ಅದೇ ಮಗುವಿಗೆ ಏನನ್ನಾದರೂ ಹಿಂದಿರುಗಿಸಬೇಕು.

ಹಿಂದಿರುಗಿಸುವ ದಾರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ ಕಟ್ಟಿಕೊಂಡರು. ಮುಂದೆ ಕುಂದಾಪುರದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. ಅಲ್ಲಿ ಮಕ್ಕಳು ತಾವೇ ಮಾಹಿತಿ ಕಲೆಹಾಕಿ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ಹಿರಿಯರ ಮುಂದಿಟ್ಟರು. ಇಂದು ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ಸರ್ಕಾರಿ ಆದೇಶವಿದೆ. ಅಧ್ಯಕ್ಷರು, ಪಿಡಿಒ ಎದುರಿಗೇ ಕೂತು ಉತ್ತರ ಹೇಳಬೇಕು. ಹಳ್ಳಿಯ ಮಗುವಿಗಿರುವ ಈ ಸಭೆ ರಾಜಧಾನಿಯ ಮಗುವಿಗೂ ಬೇಡವೇ? 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಾಗಿವೆ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿವೆ. ವಾರ್ಡ್ ಮಟ್ಟದ ಮಕ್ಕಳ ಸಭೆಯನ್ನು ಇವೆರಡೂ ಈ ವರ್ಷವೇ ಆರಂಭಿಸಲಿ. ಗುಜರಿ ಅಂಗಡಿಯ ಹುಡುಗನಿಗೂ ಅಲ್ಲಿ ಕುರ್ಚಿ ಇರಲಿ.

ಶಾಲೆಗಳೊಳಗೆ ಇದಕ್ಕೂ ಸುಲಭವಾದ ಕೆಲಸವಿದೆ. ಶಾಲೆ ಇಷ್ಟವೇ ಎಂದು ಕೇಳುವ ಬದಲು ಈ ವಾರ ಏನು ತಿಳಿಯಲಿಲ್ಲ, ಯಾರನ್ನು ಕೇಳಿದೆ, ಅವರು ಏನು ಮಾಡಿದರು ಎಂದು ಕೇಳಲಿ. ಹೆಸರು ಬರೆಸುವುದು ಬೇಡ. ಬಂದ ಉತ್ತರಗಳನ್ನು ಶಿಕ್ಷಕರ ಮೇಲಿನ ದೂರಿನಂತೆ ಕಡತಕ್ಕೆ ಸೇರಿಸುವುದೂ ಬೇಡ, ಹಾಗೆ ಮಾಡಿದರೆ ಮುಂದಿನ ಸಲ ಎಲ್ಲವೂ ‘ಚೆನ್ನಾಗಿದೆ’ ಎಂದೇ ಬರುತ್ತದೆ. ತಿಂಗಳೊಳಗೆ ಅದೇ ತರಗತಿಗೆ ಹೋಗಿ, ನೀವು ಹೇಳಿದ್ದರಲ್ಲಿ ಇದನ್ನು ಸರಿಮಾಡಿದ್ದೇವೆ, ಇದು ನಮ್ಮಿಂದ ಆಗಲಿಲ್ಲ, ಕಾರಣ ಇದು ಎಂದು ಮಕ್ಕಳಿಗೆ ತಿಳಿಸಲಿ. ಹೀಗೆ ಮಾಡಿದ ಶಾಲೆಯಲ್ಲಿ ಮೊದಲ ವರ್ಷ ದೂರುಗಳು ಹೆಚ್ಚಾದರೆ ಹೆದರಬೇಕಿಲ್ಲ. ಮಕ್ಕಳು ನಂಬತೊಡಗಿದ್ದಾರೆ ಎಂದೇ ಅರ್ಥ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಪೋಷಕರ ಸಭೆಯಲ್ಲಿ ಫಲಿತಾಂಶ ಎಷ್ಟು ಎಂದು ಕೇಳುವ ಮೊದಲು, ಹೋದ ಸಲ ಮಕ್ಕಳು ಹೇಳಿದ್ದರಲ್ಲಿ ಯಾವುದು ಸರಿಹೋಯಿತು ಎಂದು ಕೇಳಿ. ಉತ್ತರ ಬರದಿದ್ದರೆ ಅದರ ಮುಂದಿನ ಸಭೆಯಲ್ಲೂ ಕೇಳಿ.