ಆಟದ ಮೊಬೈಲು ಕೊಡುವ ಮೊದಲು ಮಗ್ಗಲಿಗೆ ಕೂಡ್ರಿ

ನಮ್ಮ ಕಡೆ ಈಗ ಎರಡು ಮಾತು ಕೇಳಿಬರತಾವ. ಒಂದು, ‘ಹುಡುಗರ ಕೈಯಾಗ ಮೊಬೈಲು ಕೊಡಲೇಬ್ಯಾಡ್ರಿ, ಕೆಡತಾವ.’ ಇನ್ನೊಂದು, ‘ಕೊಟ್ಟರ ಸುಮ್ಮನ ಕೂಡತಾವ, ನಮ್ಮ ಕೆಲಸ ಆಗತೈತಿ.’ ಈ ಎರಡೂ ನನಗೆ ಒಪ್ಪಿಗೆ ಇಲ್ಲ. ನಾನು ಅಥಣಿ ತಾಲೂಕಿನ ಮೂಡಣ ದಿಕ್ಕಿನ ಒಣಬೇಸಾಯದವ, ಕಲಿತದ್ದು ಏಳನೇ ಇಯತ್ತೆ. ಮೊಬೈಲಿನ ಯಂತ್ರ ನನಗೆ ತಿಳಿಯದು. ಆದರೆ ಸಣ್ಣ ಮಕ್ಕಳನ್ನು ಯಾವುದಕ್ಕೆ ಹೆಂಗ ಹಚ್ಚಬೇಕು ಅನ್ನೋದು ಒಕ್ಕಲತನ ಮಾಡಿದವರಿಗೆ ಹೊಸ ವಿಷಯವಲ್ಲ.

ಹುಡುಗನಿಗೆ ಕೂರಿಗೆ ಹಿಡಿಯೋದು ಕಲಿಸುವಾಗ ಏನು ಮಾಡತೀವಿ? ಮೊದಲು ಹಿಂದೆ ಹಿಂದೆ ನಡೆಸತೀವಿ. ಆಮೇಲೆ ಅವನ ಕೈಮೇಲೆ ನಮ್ಮ ಕೈ ಇಟ್ಟು ಒಂದು ಸಾಲು ಹೋಗತೀವಿ. ಎತ್ತಿನ ಹಗ್ಗ ಅವನ ಕೈಗೆ ಕೊಟ್ಟು ನಾವು ಮನೆಗೆ ಬಂದು ಮಲಗೋದಿಲ್ಲ. ಹಾಯತಾವ ಅಂತ ಅಂಜಿ ಎತ್ತಿನ ಹತ್ತಿರ ಬಿಡದೆಯೂ ಇರೋದಿಲ್ಲ. ಮೊಬೈಲಿನ ಆಟಕ್ಕೂ ಇದೇ ರೀತಿ ನಡೆಯಬೇಕು.

ಇದು ನಾವು ಕರೆದು ತಂದದ್ದಲ್ಲ, ತಾನೇ ಬಂದದ್ದು. 2016ರಲ್ಲಿ ಇಂಟರ್‌ನೆಟ್ ಅಗ್ಗವಾಯಿತು. 2020ರ ಮಾರ್ಚದಾಗ ಕೊರೋನಾ ಬಂದು ಸಾಲಿ ಮುಚ್ಚಿದವು. ಪಾಠ ಮೊಬೈಲಿನಾಗ ಬಂತು, ಅದರ ಬೆನ್ನಿಗೆ ಆಟವೂ ಬಂತು. ಸಾಲಿ ತೆರೆದರೂ ಮೊಬೈಲು ಹೊರಗೆ ಹೋಗಲಿಲ್ಲ. ಈಗ ‘ಮುಟ್ಟಬ್ಯಾಡ’ ಎಂದರೆ ಹುಡುಗ ಓಣಿಯ ದೊಡ್ಡ ಹುಡುಗರ ನಡುವೆ ಕೂತು ಆಡತಾನ. ಅಲ್ಲಿ ಏನು ಆಟ, ಎಷ್ಟು ಹೊತ್ತು, ಯಾರ ಕೂಡ ಅನ್ನೋದು ನಮಗೆ ಗೊತ್ತಾಗೋದಿಲ್ಲ.

ಬೇಡ ಅನ್ನುವವರ ಅಂಜಿಕೆ ಸುಳ್ಳಲ್ಲ. 2019ರ ಸೆಪ್ಟೆಂಬರದಾಗ ನಮ್ಮ ಜಿಲ್ಲೆಯಲ್ಲೇ ಬೆಳಗಾವಿ ಹತ್ತಿರ ಒಂದು ಊರಲ್ಲಿ ಮಗನೇ ತಂದೆಯನ್ನು ಕೊಂದ. ಮೊಬೈಲ್ ಆಟದ ಜಗಳವೇ ಕಾರಣ ಎಂದು ಪತ್ರಿಕೆಗಳು ಬರೆದವು. ಆಟ ಬಿಡಲಾರದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ಚಿಕಿತ್ಸಾಲಯ ನಡೆದಿದೆ. ಆದರೆ ನಾಲ್ಕು ದಿನ ಹೆಚ್ಚು ಆಡಿದರೆ ಅದು ಕಾಯಿಲೆ ಅಲ್ಲ. ಊಟ, ನಿದ್ದಿ, ಸಾಲಿ, ಗೆಳೆಯರು ಎಲ್ಲಕ್ಕಿಂತ ಆಟವೇ ದೊಡ್ಡದಾಗಿ, ಕೇಡು ಕಂಡರೂ ಬಿಡಲಾಗದೆ ಬಹಳ ತಿಂಗಳು ನಡೆದರೆ ಮಾತ್ರ ಡಾಕ್ಟರರು ಹಾಗೆ ಹೇಳತಾರೆ. ಚಟ ಬೇರು ಬಿಟ್ಟ ಮೇಲೆ ಕಸುಗೊಳ್ಳೋದಕ್ಕಿಂತ, ಕಸ ಎಳೆಯದಿದ್ದಾಗ ಎಡಿ ಹೊಡೆಯೋದು ಹಗುರ.

ಹಾಗಾದರೆ ಮಾಡೋದು ಏನು? ನನಗೆ ತಿಳಿದಷ್ಟು ಹೇಳತೀನಿ.

ವಯಸ್ಸು ಮೊದಲು. ಎರಡು ವರ್ಷ ತುಂಬದ ಕೂಸಿಗೆ ಏನೂ ಬೇಡ. ಎರಡರಿಂದ ನಾಲ್ಕರ ಮಕ್ಕಳು ಪರದೆ ಮುಂದೆ ಕೂಡೋದು ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನನ್ನ ಮಾತು ಕೇಳಿದರೆ ಐದರ ತನಕ ಆಟದ ಮೊಬೈಲು ಬೇಡವೇ ಬೇಡ. ಹೊರಗೆ ಬೆಳಕಿನಾಗ ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ಕಣ್ಣಿನ ದೋಷ ಕಡಿಮೆ ಅಂತ ಕಣ್ಣಿನ ಡಾಕ್ಟರರೂ ಹೇಳತಾರೆ.

ಎರಡನೆಯದು, ಆಟ ನಾವು ಆರಿಸಬೇಕು. ಪ್ಲೇ ಸ್ಟೋರಿನಲ್ಲಿ ಪ್ರತಿ ಆಟಕ್ಕೆ 3, 7, 12 ಹೀಗೆ ವಯಸ್ಸು ಬರೆದಿರತಾರೆ, ಅದನ್ನು ನೋಡ್ರಿ. ಲೂಡೋದಿಂದ ಸುರು ಮಾಡ್ರಿ. ಅದು ಬೇರೆ ಯಾರದೂ ಅಲ್ಲ, ನಮ್ಮ ಪಗಡಿಯೇ. ಇಂಗ್ಲೆಂಡಿನವರು 19ನೇ ಶತಮಾನದ ಕೊನೆಗೆ ಹೆಸರು ಬದಲಿಸಿ ಮಾರಿದರು. ಮುತ್ಯಾ, ಆಯಿ ಕೂಡಿ ಆಡಬಹುದು. ಸೋಲೋದು ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆ ಸಾಲಿ ಇಲ್ಲ.

ಮೂರನೆಯದು ರೊಕ್ಕ. ನಮ್ಮ ಮನೆಗಳಲ್ಲಿ ಮೊಬೈಲು ಒಂದೇ. ಪಿಎಂ ಕಿಸಾನದ ಕಂತು ಬೀಳುವ ಖಾತೆಗೂ, ಫೋನ್‌ಪೇಗೂ ಅದೇ. ಆಟ ಪುಕ್ಕಟೆ ಇರತೈತಿ, ಒಳಗೆ ಹೋದ ಮೇಲೆ ನಾಣ್ಯ ಕೊಳ್ಳು, ಬಂದೂಕು ಕೊಳ್ಳು ಅಂತ ಕೇಳತೈತಿ. 2025ರ ಆಗಸ್ಟದಾಗ ಕೇಂದ್ರ ಸರಕಾರ ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಕ್ಕೆ ನಿಷೇಧದ ಕಾಯಿದೆ ತಂದಿತು, ಒಳ್ಳೆಯದಾಯಿತು. ಆದರೆ ಆಟದೊಳಗಿನ ಅಂಗಡಿ ಮುಚ್ಚಿಲ್ಲ. ಪಿನ್ ನಂಬರ ಮಕ್ಕಳ ಮುಂದೆ ಒತ್ತಬ್ಯಾಡ್ರಿ. ಇಂಟರ್‌ನೆಟ್ ಬೇಡದ ಆಟ ಇಟ್ಟು, ಏರೋಪ್ಲೇನ್ ಗುರುತು ಒತ್ತಿ ಕೊಡ್ರಿ. ಜಾಹೀರಾತೂ ಬರೋದಿಲ್ಲ, ಖರೀದಿಯೂ ಆಗೋದಿಲ್ಲ.

ನಾಲ್ಕನೆಯದೇ ಮುಖ್ಯ: ಮಗ್ಗಲಿಗೆ ಕೂಡ್ರಿ. ‘ಇದ್ಯಾಕ ಹಿಂಗ ಆತೋ?’ ಅಂತ ಕೇಳ್ರಿ. ಹುಡುಗ ನಿಮಗೆ ಕಲಿಸತಾನ. ಇಂದು ಆಟದ ಮಾತು ಹೇಳುವ ಹುಡುಗ, ನಾಳೆ ಅಲ್ಲಿ ಯಾರೋ ಗುರುತಿಲ್ಲದವರು ಕರೆದರೂ ನಿಮಗೇ ಹೇಳತಾನ. ನಿಲ್ಲಿಸುವಾಗ ಕಸಗೊಳ್ಳಬ್ಯಾಡ್ರಿ. ‘ಈ ಆಟ ಮುಗಿದ ಮೇಲೆ ಸಾಕು’ ಅಂತ ಮೊದಲೇ ಹೇಳಿ, ಹೇಳಿದಂತೆ ನಡೀರಿ.

‘ಇಬ್ಬರೂ ಕೂಲಿಗೆ ಹೋದರ ಯಾರು ಕೂಡಬೇಕು?’ ಅಂತ ಕೇಳತೀರಿ. ಖರೇ ಐತಿ. ರಾಯಬಾಗ, ಕಾಗವಾಡ ಕಡೆ ಕಬ್ಬಿನ ಹೊಲದ ಬದುವಿನಲ್ಲಿ ಕೂಸಿನ ಕೈಗೆ ಮೊಬೈಲು ಕೊಟ್ಟು ಕೆಲಸ ಮಾಡುವ ತಾಯಿಯನ್ನು ನಾನು ಬೈಯೋದಿಲ್ಲ. ಆದರೆ ಕೈಲಾದವರಿಗೆ ಹೇಳೋದು ಇಷ್ಟೆ: ಕೂಡವರು ಇಲ್ಲದ ಹೊತ್ತಿಗೆ ಆಟ ಬೇಡ, ಸಂಜಿಕ ಅರ್ಧ ತಾಸು ಕೂಡಿ ಆಡ್ರಿ. ಹಗಲಿಗೆ ಬಗರಿ ಐತಿ, ಗೋಲಿ ಐತಿ, ಎರಿ ಮಣ್ಣು ಐತಿ. ಅವಕ್ಕೆ ಚಾರ್ಜ್ ಬೇಕಿಲ್ಲ.

ಮತ್ತೊಂದು. ನಾವೇ ಕಟ್ಟಿ ಮೇಲೆ ಕೂತು ತಾಸುಗಟ್ಟಲೆ ಮೊಬೈಲು ತಿಕ್ಕುತ್ತ ಮಕ್ಕಳಿಗೆ ‘ಇಡು’ ಎಂದರೆ ಕೇಳೋದಿಲ್ಲ. ಮುಂದಿನ ಎತ್ತು ಹೋದ ಕಡೆ ಹಿಂದಿನದು ಹೋಗತೈತಿ.

ನಿಮ್ಮ ಮನೆಯಲ್ಲಿ ಹೆಂಗ ನಡೆದೈತಿ, ಬರೀರಿ. ನನ್ನ ಮಾತು ತಪ್ಪು ಅನಿಸಿದರೆ ಅದನ್ನೂ ಬರೀರಿ.