ಬಾಟಲಿಯ ಮೇಲೆ ಇಲ್ಲದ ಹೆಸರು

ಈ ಸಲ ಒಂದು ವೈನ್ ಬಾಟಲಿಯ ಬಗ್ಗೆ ಬರೆಯುತ್ತಿದ್ದೇವೆ. ಇದೇನಪ್ಪಾ, ಇವರಿಗೂ ಅಮಲು ಏರಿತಾ ಅಂತ ನಗಬೇಡಿ. ಈ ಬಾಟಲಿ ಕುಡಿಯುವುದಕ್ಕಲ್ಲ, ಓದುವುದಕ್ಕೆ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ವಾಯವ್ಯ ಮೂಲೆಯಲ್ಲಿ, ಆಂಡಿಸ್ ಬೆಟ್ಟಗಳ ನಡುವೆ ಸಾಲ್ಟಾ ಎಂಬ ಪ್ರಾಂತ್ಯವಿದೆ. ಅಲ್ಲಿನ ಕಲ್ಚಾಕಿ ಕಣಿವೆಯಲ್ಲಿ ಕೊಲೊಮೆ ಎಂಬ ಎಸ್ಟೇಟು. ಅವರದೊಂದು ದ್ರಾಕ್ಷಿತೋಟ ಸಮುದ್ರಮಟ್ಟದಿಂದ 3,111 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ 2,000 ಮೀಟರ್ ಮುಟ್ಟುವುದಿಲ್ಲ ಅಂದ್ರೆ ನೀವೇ ಲೆಕ್ಕ ಹಾಕಿಕೊಳ್ಳಿ. ಆ ತೋಟದ ಹಣ್ಣಿನಿಂದ ತೆಗೆದ ಕೆಂಪು ವೈನಿಗೆ 'ಆಲ್ತೂರಾ ಮಾಕ್ಸಿಮಾ' ಅಂತ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ಅತಿ ಎತ್ತರ' ಎಂದರ್ಥ. ಒಂದು ಬಾಟಲಿಯ ದುಡ್ಡಿನಲ್ಲಿ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ತಿಂಗಳೊಪ್ಪತ್ತು ಊಟ ಮಾಡಬಹುದು.

ಯಾಕಪ್ಪಾ ಇಷ್ಟು ಬೆಲೆ? ಕಾರಣ ಇದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಸೂರ್ಯನ ನೇರಳಾತೀತ ಕಿರಣ ಚುರುಕಾಗುತ್ತದೆ. ಹಣ್ಣು ತನ್ನನ್ನು ಕಾಪಾಡಿಕೊಳ್ಳಲು ಸಿಪ್ಪೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಬಣ್ಣ ಕಪ್ಪಗಾಗುತ್ತದೆ. ರಾತ್ರಿಯ ಕೊರೆಯುವ ಚಳಿ ಹಣ್ಣಿನ ಹುಳಿಯನ್ನು ಇಳಿಯಗೊಡುವುದಿಲ್ಲ. ಇಳುವರಿ ಕಡಿಮೆ, ರುಚಿ ಗಾಢ. ಬಿಸಿಲಲ್ಲಿ ಬೆಂದು ಹಣ್ಣು ಕಪ್ಪಾದರೆ ಬೆಲೆ ಏರುತ್ತದೆ. ಅದೇ ಬಿಸಿಲಲ್ಲಿ ಬೆಂದು ಮನುಷ್ಯ ಕಪ್ಪಾದರೆ ಅವನ ಕೂಲಿ ಏರುತ್ತದೆಯೇ? ಇದು ನಮ್ಮ ಮೊದಲ ಪ್ರಶ್ನೆ.

ಅಂಥ ಎತ್ತರದಲ್ಲಿ ಬೆಳೆ ತೆಗೆಯುವುದು ದೊಡ್ಡ ಸಾಹಸ ಅಂತ ವೈನ್ ಬಲ್ಲವರು ಹೊಗಳುತ್ತಾರೆ. ಸಾಹಸವೇ ಸರಿ. ಆದರೆ ಮೊದಲು ಮಾಡಿದವರು ಯಾರು? ಸ್ಪೇನಿನವರು ಕಾಲಿಡುವ ಮುಂಚೆಯೇ ಆ ಕಣಿವೆಗಳಲ್ಲಿ ದಿಯಾಗೀತಾ ಜನ ಬೆಟ್ಟದ ಮೈಗೆ ಮೆಟ್ಟಿಲು ಹೊಲ ಕಟ್ಟಿ, ಕಾಲುವೆ ತೋಡಿ, ಹಿಮ ಕರಗಿದ ನೀರು ಹಾಯಿಸಿ ಮೆಕ್ಕೆಜೋಳ ಬೆಳೆಯುತ್ತಿದ್ದರು. ಮಳೆ ಕಾಣದ ಆ ಒಣನೆಲದಲ್ಲಿ ಇಂದಿಗೂ ಬಳ್ಳಿ ಬದುಕಿರುವುದು ಬೆಟ್ಟದಿಂದ ಇಳಿದು ಬರುವ ನೀರಿನಿಂದಲೇ. ಆ ನೆಲ ಓದಲು ಕಲಿತವರು ಅವರು. ಲೇಬಲ್ಲಿನಲ್ಲಿ ಅವರ ಹೆಸರಿಲ್ಲ.

ಅವರು ಏನಾದರು? ಸುಲಭಕ್ಕೆ ಬಗ್ಗಿದವರಲ್ಲ. ನೂರು ವರ್ಷಕ್ಕೂ ಮೀರಿ ಕಣಿವೆಯ ಜನ ಸ್ಪೇನಿನ ದಂಡಿಗೆ ಎದೆಕೊಟ್ಟು ನಿಂತರು. ಕಡೆಗೆ 1660ರ ದಶಕದಲ್ಲಿ ಸೋತರು. ಸೋತವರನ್ನು ಊರಲ್ಲಿ ಬಿಡಲಿಲ್ಲ. ಬಿಟ್ಟರೆ ಮತ್ತೆ ಎದ್ದುನಿಲ್ಲುತ್ತಾರೆಂಬ ಭಯ. ಕೆಲವರನ್ನು ಧಣಿಗಳ ಎಸ್ಟೇಟುಗಳಿಗೆ ಹಂಚಿದರು. ಕಿಲ್ಮೆಸ್ ಎಂಬ ಕುಲದ ಸುಮಾರು ಎರಡು ಸಾವಿರ ಜನರನ್ನು ಸಾವಿರ ಕಿಲೋಮೀಟರಿಗೂ ಆಚೆ, ಬ್ಯೂನಸ್ ಐರಿಸ್ ಪಕ್ಕಕ್ಕೆ ಕಾಲ್ನಡಿಗೆಯಲ್ಲಿ ಅಟ್ಟಿದರು. ಹೆಂಗಸರು, ಮಕ್ಕಳು, ಮುದುಕರು. ದಾರಿಯಲ್ಲಿ ಸತ್ತವರು ಎಷ್ಟೋ! ಅವರನ್ನು ಇಳಿಸಿದ ಜಾಗ ಇವತ್ತು ಕಿಲ್ಮೆಸ್ ಎಂಬ ನಗರ. 1888ರಲ್ಲಿ ಅಲ್ಲಿ ಶುರುವಾದ ಬಿಯರ್ ಕಾರ್ಖಾನೆಗೂ ಅದೇ ಹೆಸರು. ಜನರನ್ನು ಅಳಿಸಿದರು, ಹೆಸರನ್ನು ಬಾಟಲಿಗೆ ಅಂಟಿಸಿದರು. ಒಂದು ಬಾಟಲಿಯ ಮೇಲೆ ಹೆಸರಿಲ್ಲ. ಇನ್ನೊಂದರ ಮೇಲೆ ಬರೀ ಹೆಸರು ಮಾತ್ರ ಇದೆ.

ಈಗ ಮತ್ತೆ ಕೊಲೊಮೆಗೆ ಬನ್ನಿ. 1831ರಿಂದ ಇರುವ ಎಸ್ಟೇಟು ನಮ್ಮದು ಅಂತ ಕಂಪನಿಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಶುರು ಮಾಡಿದವನು ನಿಕೊಲಾಸ್ ಇಸಾಸ್ಮೆಂದಿ, ಸಾಲ್ಟಾದಲ್ಲಿ ಸ್ಪೇನ್ ರಾಜನ ಕೊನೆಯ ಗವರ್ನರ್. ರಾಜ ಹೋದ, ಗವರ್ನರ್ ಗಿರಿ ಹೋಯ್ತು, ಜಮೀನು ಮಾತ್ರ ಉಳೀತು! 1854ರಲ್ಲಿ ಅವನ ಮಗಳ ಮನೆಯವರು ಫ್ರಾನ್ಸಿನಿಂದ ಮಾಲ್ಬೆಕ್ ಬಳ್ಳಿ ತಂದು ನೆಟ್ಟರು. 2001ರಲ್ಲಿ ಸ್ವಿಟ್ಜರ್ಲೆಂಡಿನ ಉದ್ಯಮಿ ಡೊನಾಲ್ಡ್ ಹೆಸ್ ಅದನ್ನು ಕೊಂಡ. ಎಸ್ಟೇಟಿನ ವಿಸ್ತಾರ ಸುಮಾರು 39,000 ಹೆಕ್ಟೇರ್. ಎಕರೆಗೆ ತಿರುಗಿಸಿದರೆ ತೊಂಬತ್ತಾರು ಸಾವಿರ ದಾಟುತ್ತದೆ. ಬಳ್ಳಿ ಇರುವುದು ಅದರ ಒಂದು ಚೂರಿನಲ್ಲಿ ಮಾತ್ರ.

ದುಡ್ಡು ಕೊಟ್ಟು ಕೊಂಡಿದ್ದಾರಲ್ಲ, ಕೆಲಸ ಕೊಟ್ಟಿದ್ದಾರಲ್ಲ ಅನ್ನುವವರಿದ್ದಾರೆ. ಕೊಂಡವನನ್ನು ನಾವು ಕಳ್ಳ ಅನ್ನುತ್ತಿಲ್ಲ. ಕೆಲಸ ಸಿಕ್ಕಿದ್ದೂ ಒಳ್ಳೆಯದೇ. ಆದರೆ ಕೆಲಸ ಬೇರೆ, ಒಡೆತನ ಬೇರೆ. ಅಜ್ಜ ಕಟ್ಟಿದ ಹೊಲದಲ್ಲಿ ಮೊಮ್ಮಗ ಕೂಲಿಗೆ ನಿಂತರೆ ಅದನ್ನು ಉಪಕಾರ ಅನ್ನುತ್ತೀರಾ? ಕ್ರಯಪತ್ರ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಪ್ರಶ್ನೆ. ಮಾರಿದವನ ಪತ್ರ ನೋಡುತ್ತಾರೆ, ಅವನಿಗೆ ಮಾರಿದವನ ಪತ್ರ ನೋಡುತ್ತಾರೆ. ಅಟ್ಟಲ್ಪಟ್ಟವರ ಹೆಜ್ಜೆಗುರುತಿನವರೆಗೆ ಯಾರೂ ಹೋಗುವುದಿಲ್ಲ.

ಇದು ಮುಗಿದ ಕಥೆಯಲ್ಲ. ದಿಯಾಗೀತಾ ಜನ ಇದ್ದಾರೆ, ಎದ್ದಿದ್ದಾರೆ. ತಮ್ಮ ಭೂಮಿಯನ್ನು ಗುರುತಿಸಿದ 1716ರ ರಾಜಪತ್ರವನ್ನು ಮುಂದಿಟ್ಟು ಹೋರಾಡುತ್ತಿದ್ದಾರೆ. 1994ರಲ್ಲಿ ತಿದ್ದಿದ ಅರ್ಜೆಂಟೀನಾ ಸಂವಿಧಾನದ 75ನೇ ವಿಧಿ, ದೇಶ ಹುಟ್ಟುವ ಮುಂಚೆಯೇ ಮೂಲನಿವಾಸಿಗಳು ಇದ್ದರೆಂದು ಒಪ್ಪಿ, ಅವರ ಸಮುದಾಯದ ಭೂಮಿಯ ಹಕ್ಕನ್ನು ಮಾನ್ಯ ಮಾಡಿತು. 2006ರಲ್ಲಿ 26,160ನೇ ಕಾಯಿದೆ ಅವರನ್ನು ಒಕ್ಕಲೆಬ್ಬಿಸುವುದನ್ನು ತಡೆಯಿತು. ಹಕ್ಕು ಪುಸ್ತಕದಲ್ಲಿತ್ತು. ನೆಲದ ಮೇಲೆ?

2009ರಲ್ಲಿ ಕೊಲೊಮೆ ಎಸ್ಟೇಟಿನಲ್ಲಿ ಬೆಳಕಿನ ಕಲೆಗೆಂದೇ ಒಂದು ಮ್ಯೂಸಿಯಂ ತೆರೆಯಿತು. ಅದೇ ವರ್ಷ ಅಕ್ಟೋಬರ್ 12ರಂದು, ಪಕ್ಕದ ತುಕುಮಾನ್ ಪ್ರಾಂತ್ಯದಲ್ಲಿ, ತನ್ನ ಸಮುದಾಯದ ಭೂಮಿ ಬಿಡೆನೆಂದು ನಿಂತ ಹಾವಿಯೇರ್ ಚೋಕೋಬಾರ್ ಎಂಬ ದಿಯಾಗೀತಾ ಹಿರಿಯನನ್ನು ಗುಂಡಿಟ್ಟು ಕೊಂದರು. ಎಸ್ಟೇಟಿಗೂ ಆ ಕೊಲೆಗೂ ಸಂಬಂಧವಿಲ್ಲ. ಅದು ಬೇರೆ ಭೂಮಿಯ ಜಗಳ. ಆದರೆ ಒಂದೇ ಸೀಮೆಯ ಒಂದೇ ವರ್ಷದ ಎರಡು ಸುದ್ದಿ. ಕೊಲಂಬಸ್ ಮೊದಲು ಅಮೆರಿಕದ ದ್ವೀಪಗಳಿಗೆ ಬಂದ ದಿನವೂ ಅಕ್ಟೋಬರ್ 12. 2024ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಒಕ್ಕಲೆಬ್ಬಿಸುವುದನ್ನು ತಡೆದಿದ್ದ ಆ ಕಾಯಿದೆಯನ್ನೂ ಸುಗ್ರೀವಾಜ್ಞೆಯಿಂದ ರದ್ದು ಮಾಡಿತು.

ಗೆಳೆಯರೇ, ಇದನ್ನು ಯಾಕೆ ಹೇಳಿದೆವು? ನಿಮ್ಮಲ್ಲಿ ಕೃಷಿ ಓದುವವರಿದ್ದೀರಿ, ಕಾನೂನು ಓದುವವರಿದ್ದೀರಿ, ಇತಿಹಾಸ ಓದುವವರಿದ್ದೀರಿ. ಎತ್ತರ, ಬಿಸಿಲು, ಹುಳಿ, ಬಣ್ಣ – ಎಲ್ಲವನ್ನೂ ಅಳೆಯಲು ನಿಮಗೆ ಕಲಿಸುತ್ತಾರೆ. ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ಪುಸ್ತಕದಲ್ಲಿಲ್ಲದ ಮೂರು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ನೆಲ ಯಾರದಿತ್ತು? ನೀರು ಯಾರು ತಂದರು? ಹಣ್ಣು ಕಿತ್ತ ಕೈ ಯಾರದು? ಈ ಮೂರಕ್ಕೂ ಉತ್ತರ ಬರೆದಿರುವ ಬಾಟಲಿ ಇನ್ನೂ ಪೇಟೆಗೆ ಬಂದಿಲ್ಲ. ಅಲ್ಲಿಯವರೆಗೆ ಎಷ್ಟೇ ಎತ್ತರದಲ್ಲಿ ಬೆಳೆದರೂ ಅದು ಅತಿ ಎತ್ತರದ್ದಲ್ಲ.