ಬೆರಳೊತ್ತಿದ ಮಾತು ಕರಾರಾಗುವುದೇ?

ಚನ್ನಗಿರಿಯ ಅಡಿಕೆ, ಹೊನ್ನಾಳಿ ನ್ಯಾಮತಿಗಳ ಮೆಕ್ಕೆಜೋಳ, ಜಗಳೂರಿನ ಶೇಂಗಾ ಈರುಳ್ಳಿ, ಇವುಗಳ ಬೆಲೆಯು ಮಂಡಿಯ ಕಟ್ಟೆಯ ಮೇಲೆ ಕೂಗಿನಿಂದ ಗೊತ್ತಾಗುತ್ತಿದ್ದ ಕಾಲವು ನಮ್ಮ ಹಿರಿಯರ ನೆನಪಿನಲ್ಲಿ ಇನ್ನೂ ಹಸುರಾಗಿದೆ. ಇಂದು ಸವಾಲು ಹಾಕುವವನು ಸರಕಿನ ಮುಂದೆ ನಿಂತಿರಬೇಕೆಂಬ ನಿಯಮವಿಲ್ಲ. ಅವನು ತನ್ನ ಅಂಗಡಿಯಲ್ಲಿ ಕುಳಿತು ಗಣಕಯಂತ್ರದಲ್ಲಿ ಒಂದು ಅಂಕಿಯನ್ನು ಒತ್ತುತ್ತಾನೆ. ಅದೇ ದಿವಸ ಅದೇ ಊರಿನ ರೈತನ ಮಗನು ತನ್ನ ಮೊಬೈಲಿನಲ್ಲಿ ಔಷಧಿ ಸಿಂಪಡಿಸುವ ಯಂತ್ರವೊಂದಕ್ಕೆ ಬೇಡಿಕೆ ಕಳುಹಿಸುತ್ತಾನೆ. ಇಬ್ಬರೂ ಮಾಡಿದ ಕೆಲಸ ಒಂದೇ, ಬೆರಳಿನಿಂದ ಒತ್ತಿದುದು. ಹೀಗೆ ಒತ್ತಿದ ಮಾತ್ರಕ್ಕೆ ಕಾಯಿದೆಯ ದೃಷ್ಟಿಯಲ್ಲಿ ಕರಾರು ಹುಟ್ಟುವುದೇ? ಹುಟ್ಟಿದರೆ ಅದು ಯಾರನ್ನು ಕಟ್ಟುತ್ತದೆ, ಯಾವ ಗಳಿಗೆಯಿಂದ ಕಟ್ಟುತ್ತದೆ? ಈ ಪ್ರಶ್ನೆಗಳು ವಕೀಲರಿಗೆ ಮಾತ್ರ ಸೇರಿದವೆಂದು ನಮ್ಮ ಅನೇಕ ಮಹನೀಯರು ಭಾವಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇವು ಜಿಲ್ಲೆಯ ಪ್ರತಿಯೊಂದು ಮನೆಯ ಪ್ರಶ್ನೆಗಳು.

ಮೊದಲು ಮೂಲತತ್ತ್ವವನ್ನು ನೋಡೋಣ. 1872ನೆಯ ಇಸವಿಯ ಕರಾರು ಕಾಯಿದೆಯು ಒಂದು ಸಾಮಾನ್ಯ ಕರಾರಿಗೆ ಕಾಗದವನ್ನಾಗಲಿ ರುಜುವನ್ನಾಗಲಿ ಕೇಳುವುದಿಲ್ಲ. ಒಬ್ಬನ ಪ್ರಸ್ತಾವ, ಮತ್ತೊಬ್ಬನ ಸ್ವೀಕಾರ, ಇಬ್ಬರಿಗೂ ಪ್ರತಿಫಲ, ಸ್ವತಂತ್ರವಾದ ಸಮ್ಮತಿ, ಕರಾರು ಮಾಡುವ ಯೋಗ್ಯತೆ, ನ್ಯಾಯಸಮ್ಮತವಾದ ಉದ್ದೇಶ: ಇಷ್ಟಿದ್ದರೆ ಸಾಕು. ನಮ್ಮ ದನದ ಜಾತ್ರೆಗಳಲ್ಲಿ ದಲಾಲನು ವಸ್ತ್ರದ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ಪದ್ಧತಿಯು ಈ ತತ್ತ್ವಕ್ಕೆ ಎಳ್ಳಷ್ಟೂ ವಿರುದ್ಧವಲ್ಲ. ಸಂಚಕಾರವೆಂಬ ಶಬ್ದಕ್ಕೆ ಇಂದು ಕೇಡು ಎಂಬ ಅರ್ಥವೇ ರೂಢಿಯಾಗಿದೆಯಾದರೂ, ಮೂಲದಲ್ಲಿ ಅದು ವ್ಯಾಪಾರ ಕುದುರಿದುದರ ಗುರುತಾಗಿ ಕೊಡುವ ಮುಂಗಡದ ಹೆಸರು. ಮಾತಿಗೆ ಬೆಲೆ ಇತ್ತು, ಗುರುತಿಗೂ ಬೆಲೆ ಇತ್ತು.

ತಂತಿ, ದೂರವಾಣಿ, ವಿದ್ಯುನ್ಮಾನ ಪತ್ರ, ಹೀಗೆ ಒಂದೊಂದು ಹೊಸ ಸಾಧನವು ಬಂದಾಗಲೂ ನ್ಯಾಯಾಲಯಗಳು ಇದೇ ತತ್ತ್ವವನ್ನು ಅದಕ್ಕೆ ಹೊಂದಿಸಿವೆ. ಖಾಮಗಾಂವದ ಗಿರಣಿಯಿಂದ ಹತ್ತಿಬೀಜದ ಹಿಂಡಿಯನ್ನು ಕೊಳ್ಳಲು ಅಹಮದಾಬಾದಿನ ವರ್ತಕರು ದೂರವಾಣಿಯಲ್ಲಿ ಮಾತನಾಡಿದ ಪ್ರಕರಣದಲ್ಲಿ, ಸ್ವೀಕಾರದ ಮಾತು ಕೇಳಿಬಂದ ಸ್ಥಳದಲ್ಲಿಯೇ ಕರಾರು ಹುಟ್ಟಿತೆಂದು ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ತೀರ್ಮಾನಿಸಿತು. ಬಾಕ್ಸೈಟ್ ಅದಿರಿನ ವ್ಯಾಪಾರವೊಂದರಲ್ಲಿ, ಔಪಚಾರಿಕ ಪತ್ರಕ್ಕೆ ರುಜು ಬೀಳದಿದ್ದರೂ ವಿದ್ಯುನ್ಮಾನ ಪತ್ರಗಳ ವಿನಿಮಯದಿಂದಲೇ ಕರಾರು ಮುಗಿದಿತ್ತೆಂದು ಅದೇ ನ್ಯಾಯಾಲಯವು 2010ರಲ್ಲಿ ಹೇಳಿತು. ಅಷ್ಟರಲ್ಲಿ ಶಾಸನವೂ ಮಾತನಾಡಿತ್ತು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿ, 2009ರ ಅಕ್ಟೋಬರಿನಿಂದ ಜಾರಿಯಲ್ಲಿರುವ 10ಎ ಕಲಮು, ವಿದ್ಯುನ್ಮಾನ ರೂಪದಲ್ಲಿ ಮಾಡಿದುದೆಂಬ ಒಂದೇ ಕಾರಣದಿಂದ ಯಾವ ಕರಾರೂ ಅಸಿಂಧುವಾಗಲಾರದೆಂದು ವಿಧಿಸುತ್ತದೆ. ಆದುದರಿಂದ, ‘ಕಾಗದವಿಲ್ಲ, ರುಜುವಿಲ್ಲ, ನನ್ನನ್ನು ಯಾರು ಕೇಳುವರು’ ಎಂಬ ವಾದಕ್ಕೆ ಇಂದು ನೆಲೆಯಿಲ್ಲ.

ಹಾಗೆಂದು ಒತ್ತಿದ ಪ್ರತಿಯೊಂದು ಗುಂಡಿಯೂ ಕರಾರೆಂದು ತಿಳಿಯುವುದು ತಪ್ಪು. ಬೆಲೆ ಹೇಳುವುದು ಬೇರೆ, ಪ್ರಸ್ತಾವ ಮಾಡುವುದು ಬೇರೆ. ಮಡಿಕೇರಿಯ ಬಂಗಲೆಯೊಂದನ್ನು ಆರು ಸಾವಿರಕ್ಕೆ ಕೇಳಿದವರಿಗೆ ಅದರ ಒಡೆಯರಿಂದ, ಹತ್ತು ಸಾವಿರಕ್ಕೆ ಕಡಿಮೆಯಾದರೆ ಒಪ್ಪಲಾಗದೆಂಬ ತಂತಿ ಬಂದಿತು. ಕೇಳಿದವರು ಹತ್ತು ಸಾವಿರಕ್ಕೆ ಒಪ್ಪಿ, ಕರಾರಾಯಿತೆಂದು ದಾವೆ ಹೂಡಿದರು. ಆ ತಂತಿಯು ಪ್ರಸ್ತಾವವೇ ಅಲ್ಲ, ಹೆಚ್ಚಿನ ಬೆಲೆಗೆ ಕೇಳಿರೆಂಬ ಆಹ್ವಾನ ಮಾತ್ರವೆಂದು ಸರ್ವೋಚ್ಚ ನ್ಯಾಯಾಲಯವು 1951ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು. ಮೊಬೈಲಿನ ಪರದೆಯ ಮೇಲೆ ಚಿತ್ರ ಸಹಿತವಾಗಿ ಕಾಣುವ ಬೆಲೆಗೂ ಸಾಮಾನ್ಯವಾಗಿ ಇದೇ ನ್ಯಾಯವು ಸಲ್ಲುತ್ತದೆ. ಅದು ಅಂಗಡಿಯ ಮುಂಗಟ್ಟು. ಗಿರಾಕಿಯು ಕಳುಹಿಸುವ ಬೇಡಿಕೆಯೇ ಪ್ರಸ್ತಾವ. ಅದನ್ನು ಮಾರಾಟಗಾರನು ಒಪ್ಪಿದಾಗ ಕರಾರು. ದೊಡ್ಡ ಮಾರಾಟಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ‘ಬೇಡಿಕೆ ತಲುಪಿದೆ’ ಎಂಬ ಸಂದೇಶವೇ ಸ್ವೀಕಾರವಲ್ಲ, ಸಾಮಾನು ರವಾನೆಯಾದಾಗಲೇ ಸ್ವೀಕಾರವೆಂದು ಬರೆದುಕೊಳ್ಳುವುದರ ಗುಟ್ಟು ಇಲ್ಲಿದೆ. ಹಣವನ್ನು ಮೊದಲೇ ತೆಗೆದುಕೊಂಡು, ಕರಾರನ್ನು ಮಾತ್ರ ಮುಂದಕ್ಕೆ ತಳ್ಳುವ ಈ ಚಾತುರ್ಯವನ್ನು ನಾವು ಮೆಚ್ಚಲಾರೆವು.

ಈಗ ಮಾರುಕಟ್ಟೆಯ ಸವಾಲಿನ ವಿಚಾರ. 2014ರಲ್ಲಿ ರಾಜ್ಯ ಸರಕಾರವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೆರೆದು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳಲ್ಲಿ ಗಣಕದ ಟೆಂಡರನ್ನು ರೂಢಿಗೆ ತಂದಿತು. ಎರಡು ವರ್ಷಗಳ ತರುವಾಯ, 2016ರ ಏಪ್ರಿಲ್ 14ರಂದು, ಕೇಂದ್ರ ಸರಕಾರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆಯು ಆರಂಭವಾಯಿತು. ಈ ಪದ್ಧತಿಯಿಂದ ಬೆಲೆಯ ಗುಟ್ಟು ನಾಲ್ಕು ಜನರ ಕೈಯಿಂದ ಜಾರಿತೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಪರದೆಯ ಮೇಲೆ ಅತ್ಯಧಿಕ ಸವಾಲುದಾರನ ಹೆಸರು ಮೂಡಿದ ಕೂಡಲೇ ಮಾರಾಟವು ಮುಗಿಯಿತೇ? 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನಂತೆ ಹರಾಜು ಪೂರ್ಣವಾಗುವುದು ಸುತ್ತಿಗೆ ಬಿದ್ದಾಗ, ಅಥವಾ ರೂಢಿಯಲ್ಲಿರುವ ಬೇರೊಂದು ರೀತಿಯಿಂದ ಮುಕ್ತಾಯವನ್ನು ಸಾರಿದಾಗ. ಅಲ್ಲಿಯವರೆಗೆ ಸವಾಲುದಾರನು ಹಿಂದೆಗೆಯಬಹುದು. ಒಂದೊಂದು ಲಾಟೂ ಒಂದೊಂದು ಪ್ರತ್ಯೇಕ ಮಾರಾಟವೆಂದು ಕಾಯಿದೆಯು ಮೊದಲ ನೋಟಕ್ಕೆ ಭಾವಿಸುತ್ತದೆ. ಗಣಕದ ಟೆಂಡರಿನಲ್ಲಿಯಾದರೋ, ಬಂದ ಬೆಲೆಯು ಒಗ್ಗದಿದ್ದರೆ ಬೇಡವೆನ್ನುವ ಅಧಿಕಾರವು ರೈತನಿಗೆ ಉಂಟು. ಆದಕಾರಣ ಸವಾಲು ಪ್ರಸ್ತಾವ, ರೈತನ ಒಪ್ಪಿಗೆಯೇ ಸ್ವೀಕಾರ. ಯಂತ್ರವು ವಿಜೇತನ ಹೆಸರನ್ನು ತೋರಿಸುವುದಷ್ಟೇ, ಮಾರುವವನು ರೈತನು.

ಈ ಸೂಕ್ಷ್ಮವನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮೆಕ್ಕೆಜೋಳದ ರಾಶಿಯ ಮುಂದೆ ನಿಂತ ರೈತನು ಬೆಲೆಗೆ ಒಪ್ಪಿದ ಮೇಲೆ, ಖರೀದಿದಾರನು ತೇವಾಂಶ ಹೆಚ್ಚಾಯಿತೆಂದೋ ಕಸರು ಬಿದ್ದಿದೆಯೆಂದೋ ಹೊಸದಾಗಿ ಚೌಕಾಸಿಗೆ ತೊಡಗಿದರೆ, ಆಗ ನಡೆಯುವುದು ವ್ಯಾಪಾರವಲ್ಲ, ಮುಗಿದ ಕರಾರಿನ ಭಂಗ. ಮಾದರಿಯನ್ನು ನೋಡಿ ಕೊಂಡ ಸರಕು ಮಾದರಿಗೆ ಸರಿಹೊಂದಿರಬೇಕೆಂಬುದು ನಿಜ. ಮಾದರಿಗೆ ಹೊಂದದ ಸರಕನ್ನು ಕೊಳ್ಳುವವನು ನಿರಾಕರಿಸಬಹುದು. ಆದರೆ ಮಾದರಿಗೆ ಹೊಂದಿದ ಸರಕಿಗೆ ಬೆಲೆ ಇಳಿಸುವ ಹಕ್ಕು ಅವನಿಗೆ ಯಾವ ಕಲಮಿನಲ್ಲಿಯೂ ಇಲ್ಲ. ಬಾಡಿಗೆಯ ಗಾಡಿಯು ಕಾಯುತ್ತಿದೆ, ಮೋಡ ಕವಿದಿದೆ, ಸಾಲದ ಕಂತು ಎದುರಿಗಿದೆ, ಇಂಥ ಸ್ಥಿತಿಯಲ್ಲಿ ರೈತನು ಇಳಿದ ಬೆಲೆಗೆ ತಲೆಯಾಡಿಸಿದರೆ ಅದನ್ನು ಸ್ವಸಂತೋಷದ ಸಮ್ಮತಿಯೆಂದು ಹೇಳಲು ನಮ್ಮ ಮನಸ್ಸು ಒಪ್ಪದು.

ವರ್ತಕರ ಪಕ್ಷದಲ್ಲಿಯೂ ನ್ಯಾಯವಿರುವ ಸಂದರ್ಭವೊಂದುಂಟು. ಅಂಕಿ ಒತ್ತುವಾಗ ಒಂದು ಸೊನ್ನೆ ಹೆಚ್ಚಾಗಿ ಬಿದ್ದರೆ ಗತಿಯೇನು? ಒಬ್ಬನೇ ಮಾಡಿದ ತಪ್ಪು ತಿಳಿವಳಿಕೆಯಿಂದಷ್ಟೇ ಕರಾರನ್ನು ಮುರಿಯಲಾಗದೆಂದು ಕರಾರು ಕಾಯಿದೆಯ 22ನೆಯ ಕಲಮು ಹೇಳುತ್ತದೆ. ಆದರೆ ಎದುರಾಳಿಯ ತಪ್ಪನ್ನು ಕಂಡೂ ಕಂಡೂ ಬಾಚಿಕೊಳ್ಳುವವನಿಗೆ ನ್ಯಾಯಾಲಯವು ನೆರವಾಗುವುದೇ? ಸಿಂಗಪುರದಲ್ಲಿ ಮಾರಾಟದ ತಾಣವೊಂದು 3,854 ಡಾಲರಿನ ಮುದ್ರಣಯಂತ್ರಕ್ಕೆ ತಪ್ಪಿನಿಂದ 66 ಡಾಲರು ಬೆಲೆ ತೋರಿಸಿತು. ಆರು ಮಂದಿ ಸ್ನೇಹಿತರು ರಾತ್ರೋರಾತ್ರಿ 1,606 ಯಂತ್ರಗಳಿಗೆ ಬೇಡಿಕೆ ಕಳುಹಿಸಿದರು. ಯಂತ್ರದ ಮೂಲಕ ಸ್ವೀಕಾರದ ಸಂದೇಶವೂ ಬಂದಿತ್ತು. ಆದರೂ ತಪ್ಪು ತಿಳಿದೇ ಅದರ ಲಾಭ ಪಡೆಯಹೊರಟವರಿಗೆ ಅಲ್ಲಿಯ ನ್ಯಾಯಾಲಯವು 2004ರಲ್ಲಿಯೂ, ಮೇಲ್ಮನವಿಯ ನ್ಯಾಯಾಲಯವು 2005ರಲ್ಲಿಯೂ ಪರಿಹಾರ ಕೊಡಲು ಒಪ್ಪಲಿಲ್ಲ. ಪರದೇಶದ ತೀರ್ಪು ನಮ್ಮನ್ನು ಕಟ್ಟದಿದ್ದರೂ ಅದರ ವಿವೇಕವು ಗ್ರಾಹ್ಯವಾಗಿದೆ. ಕೈತಪ್ಪಿಗೆ ಕ್ಷಮೆ ಇರಲಿ. ಮಧ್ಯಾಹ್ನ ದಾವಣಗೆರೆಯಲ್ಲಿ ಬೆಲೆ ಇಳಿಯಿತೆಂದು ಬೆಳಗಿನ ಸವಾಲನ್ನು ಕೈತಪ್ಪೆನ್ನುವ ನೆಪಕ್ಕೆ ಕ್ಷಮೆ ಬೇಡ.

ಅಧಿಕಾರಿವರ್ಗದವರು ನೆನಪಿಡಬೇಕಾದುದೂ ಒಂದಿದೆ. ಸರಕಾರದ ಹರಾಜುಗಳೂ ಈಗ ಗಣಕಕ್ಕೆ ಬಂದಿವೆ. ಅತ್ಯಧಿಕ ಸವಾಲು ಹಾಕಿದ ಮಾತ್ರಕ್ಕೆ ಹಕ್ಕು ದೊರೆಯುವುದಿಲ್ಲ, ಸಕ್ಷಮ ಅಧಿಕಾರಿಯ ಮಂಜೂರಾತಿಯು ಬೇಕೆಂಬುದು ನ್ಯಾಯಾಲಯಗಳು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ರಾಜ್ಯದ ಕರಾರುಗಳಿಗೆ ಸಂವಿಧಾನದ 299ನೆಯ ವಿಧಿಯ ಕಟ್ಟಳೆಯೂ ಇದೆ. ಆದರೆ ಮಂಜೂರು ಮಾಡುವ ಅಧಿಕಾರವೆಂದರೆ, ಜನರ ಠೇವಣಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಮೌನವಾಗಿರುವ ಅಧಿಕಾರವೆಂದು ಅರ್ಥವಲ್ಲ.

ಇನ್ನು ಪರಿಹಾರದ ಬಾಗಿಲುಗಳು. ಇಲ್ಲಿ ನಮ್ಮ ರೈತನ ಸ್ಥಿತಿಯು ವಿಚಿತ್ರವಾಗಿದೆ. ಅವನು ತನ್ನ ದುಡಿಮೆಗಾಗಿ ಯಂತ್ರವನ್ನು ಕೊಂಡಾಗ ಗ್ರಾಹಕನು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗಣಕದ ಮೂಲಕ ಕೊಳ್ಳುವವನನ್ನೂ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಳ್ಳುವವನನ್ನೂ ಗ್ರಾಹಕನೆಂದೇ ಎಣಿಸುತ್ತದೆ. ಮಾರಿದವನು ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ಜಗಳೂರಿನವನು ತನ್ನದೇ ಜಿಲ್ಲೆಯ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷಗಳ ಅವಧಿಯೂ ಇದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟಸಂಸ್ಥೆಯು ದೂರು ಬಂದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಗ್ರಾಹಕನ ಸಮ್ಮತಿಯೆಂದು ಎಣಿಸಕೂಡದು. ತಾನು ರದ್ದುಮಾಡಿದಾಗ ದಂಡ ತೆರದ ಸಂಸ್ಥೆಯು ಗ್ರಾಹಕನು ರದ್ದುಮಾಡಿದಾಗ ದಂಡ ವಿಧಿಸಕೂಡದು. ಆದರೆ ಅದೇ ರೈತನು ತನ್ನ ಅಡಿಕೆಯನ್ನು ಮಾರಹೊರಟಾಗ ಗ್ರಾಹಕನಲ್ಲ, ಮಾರಾಟಗಾರನು. ಆಗ ಈ ಬಾಗಿಲು ಮುಚ್ಚುತ್ತದೆ. ಸವಾಲುದಾರನು ಸರಕನ್ನು ಎತ್ತದಿದ್ದರೆ, 73ನೆಯ ಕಲಮಿನಂತೆ ನಷ್ಟ ಪರಿಹಾರಕ್ಕೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹತ್ತು ಕ್ವಿಂಟಲ್ ಮೆಕ್ಕೆಜೋಳಕ್ಕೆ ಕ್ವಿಂಟಲೊಂದಕ್ಕೆ ಇನ್ನೂರು ರೂಪಾಯಿ ಬೆಲೆ ಇಳಿಯಿತೆನ್ನಿ. ನಷ್ಟ ಎರಡು ಸಾವಿರ. ಎರಡು ಸಾವಿರಕ್ಕಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವವರು ಯಾರು? ಹಕ್ಕು ಪುಸ್ತಕದಲ್ಲಿ ಉಳಿಯುತ್ತದೆ, ನಷ್ಟ ಮನೆಗೆ ಬರುತ್ತದೆ.

ನ್ಯಾಯಾಲಯಕ್ಕೆ ಹೋದರೂ ಸಾಕ್ಷ್ಯ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು 63ನೆಯ ಕಲಮಿನಲ್ಲಿ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ದಾಖಲೆಯೆಲ್ಲವೂ ಸಮಿತಿಯ ಅಥವಾ ಮಾರಾಟಸಂಸ್ಥೆಯ ಯಂತ್ರದಲ್ಲಿ. ರೈತನ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಅವನು ತೋರಿಸುವುದೇನನ್ನು? ಮನೆಯ ಮಕ್ಕಳು ಹಿರಿಯರ ಮೊಬೈಲಿನಲ್ಲಿ ಕೊಂಡ ಸಾಮಾನಿನ ವಿಷಯದಲ್ಲಿಯೂ ಇದೇ ತೊಡಕು. ಅಪ್ರಾಪ್ತವಯಸ್ಕನ ಕರಾರು ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಮಾನಿಸಿದೆ. ಆದರೆ ಒತ್ತಿದ ಬೆರಳು ಮಗುವಿನದೆಂದು ತೋರಿಸುವ ಭಾರ ತಂದೆಯ ಮೇಲೆ ಬೀಳುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಕೆಲವೇ ಇವೆ. ಮೊದಲನೆಯದಾಗಿ, ಪ್ರತಿ ಲಾಟಿಗೂ ಬಂದ ಅತ್ಯಧಿಕ ಸವಾಲು, ರೈತನು ಒಪ್ಪಿದ ವೇಳೆ, ಮಾದರಿಯ ತೇವಾಂಶ, ಇವು ಮೂರನ್ನೂ ಕನ್ನಡದಲ್ಲಿ ಅಚ್ಚುಮಾಡಿದ ಚೀಟಿಯು ಅಂದೇ ರೈತನ ಕೈಸೇರಬೇಕು. ಎರಡನೆಯದಾಗಿ, ಸವಾಲು ಹಾಕುವವರಿಂದ ಸಮಿತಿಯು ತಕ್ಕಷ್ಟು ಠೇವಣಿ ಪಡೆದು, ಸರಕನ್ನು ಎತ್ತದವನ ಠೇವಣಿಯಿಂದ ಆ ವಾರದಲ್ಲಿಯೇ ರೈತನ ನಷ್ಟವನ್ನು ತುಂಬಬೇಕು. ಪದೇ ಪದೇ ಹಿಂದೆಗೆಯುವವನ ಪರವಾನಗಿಯ ವಿಚಾರವನ್ನು ಸಮಿತಿಯೇ ನೋಡಿಕೊಳ್ಳಲಿ. ಪರವಾನಗಿ ಕೊಡುವ ಕೈಗೆ ಅದನ್ನು ತಡೆಹಿಡಿಯುವ ಬಲವೂ ಉಂಟು. ಮೂರನೆಯದಾಗಿ, ಕನ್ನಡಿಗರಿಗೆ ಸಾಮಾನು ಮಾರುವ ಸಂಸ್ಥೆಗಳು ತಮ್ಮ ಷರತ್ತುಗಳನ್ನು ಕನ್ನಡದಲ್ಲಿ ಕೊಡಲಿ. ಓದಲಾರದ ಷರತ್ತಿಗೆ ಒಪ್ಪಿದೆನೆಂದು ಗುರುತು ಹಾಕಿಸಿಕೊಳ್ಳುವುದು ಕಾಯಿದೆಯಂತೆ ಸಿಂಧುವಾದರೂ ಮರ್ಯಾದೆಯಂತೆ ಸಿಂಧುವಲ್ಲ. ಚನ್ನಗಿರಿಯಲ್ಲಿ ತುಮ್ಕೋಸ್ ಎಂದು ಹೆಸರಾದ ತೋಟದ ಉತ್ಪನ್ನಗಳ ಮಾರಾಟ ಸಹಕಾರ ಸಂಘದಂಥ ಸಂಸ್ಥೆಗಳು ತಮ್ಮ ಸದಸ್ಯರಿಗೆ ಈ ತಿಳಿವಳಿಕೆಯನ್ನು ಹರಡಲು ಎಲ್ಲರಿಗಿಂತ ಸಮರ್ಥವಾಗಿವೆ.

ಓದುಬಲ್ಲ ಮಹಾಶಯರಿಗೂ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಬೇಡಿಕೆಯ ಸಂದೇಶವನ್ನು ಅಳಿಸಬೇಡಿರಿ. ನೆರೆಯ ರೈತನ ಚೀಟಿಯನ್ನು ಒಮ್ಮೆ ಓದಿ ಹೇಳಿರಿ. ದೂರು ಬರೆಯಲು ಬಾರದವನಿಗೆ 1915 ಎಂಬ ಗ್ರಾಹಕ ಸಹಾಯವಾಣಿಯ ಸಂಖ್ಯೆಯನ್ನು ತಿಳಿಸಿರಿ. ಬೆರಳೊತ್ತಿದ ಮಾತನ್ನು ಕಾಯಿದೆಯು ಕರಾರೆಂದು ಒಪ್ಪಿದೆ. ಆ ಕರಾರು ಬಡವನನ್ನು ಕಟ್ಟುವಷ್ಟೇ ಬಿಗಿಯಾಗಿ ಬಲ್ಲಿದನನ್ನೂ ಕಟ್ಟುವಂತೆ ನೋಡಿಕೊಳ್ಳುವ ಹೊಣೆಯು ಸಮಿತಿಗಳ ಮೇಲೆಯೂ ಸರಕಾರದ ಮೇಲೆಯೂ ಇದೆ. ಮುಂದಿನ ಸುಗ್ಗಿಯೊಳಗೆ ಅವರು ಈ ಹೊಣೆಯನ್ನು ಕೈಗೆತ್ತಿಕೊಳ್ಳುವರೆಂದು ನಾವು ನಿರೀಕ್ಷಿಸುತ್ತೇವೆ.